ಕ್ವಾಡ್‌ಕಾಪ್ಟರ್: ರಚನೆ, ಸ್ವಯಂಚಾಲನೆ ಮತ್ತು ನಾಗರಿಕ ಹೊಣೆ

ಸಣ್ಣ ವಿದ್ಯುತ್ ಮೋಟಾರುಗಳ ನೆರವಿನಿಂದ ನೆಲದಿಂದ ನೇರವಾಗಿ ಮೇಲೇರಿ, ಗಾಳಿಯಲ್ಲಿ ಒಂದೇ ಕಡೆ ನಿಲ್ಲಬಲ್ಲ ಕಿರುವಿಮಾನಗಳು ಇಂದು ವಿದ್ಯಾರ್ಥಿಗಳ ಹಾಗೂ ಹವ್ಯಾಸಿಗಳ ಕೈಗೆಟಕಿವೆ. ಮುಂಬಯಿ ಮಹಾನಗರಕ್ಕೆ ಈ ಕ್ಷೇತ್ರದಲ್ಲಿ ವಿಶೇಷ ಸ್ಥಾನವಿದೆ. ಪವಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು 2007ರಲ್ಲಿ ಸ್ಥಾಪಿಸಿದ ‘ಐಡಿಯಾಫೋರ್ಜ್’ ಸಂಸ್ಥೆಯು ನಿರ್ಮಿಸಿದ ಕ್ವಾಡ್‌ಕಾಪ್ಟರ್ 2009ರ ‘ತ್ರೀ ಈಡಿಯಟ್ಸ್’ ಹಿಂದಿ ಚಲನಚಿತ್ರದಲ್ಲಿ ಕಾಣಿಸಿಕೊಂಡಿತು. ಇಂತಹ ಯಂತ್ರವೊಂದನ್ನು ನಮ್ಮ ದೇಶದ ಲಕ್ಷಾಂತರ ಜನರು ಮೊದಲ ಬಾರಿಗೆ ನೋಡಿದ್ದು ಆ ಚಿತ್ರದಲ್ಲಿಯೇ ಎನ್ನಬಹುದು.

ಯಂತ್ರದ ಅಂಗಗಳು

ಹಗುರವಾದ ಚೌಕಟ್ಟು, ಅದರ ನಾಲ್ಕು ತೋಳುಗಳ ತುದಿಯಲ್ಲಿ ಒಂದೊಂದು ಮೋಟಾರು, ಪ್ರತಿ ಮೋಟಾರಿಗೂ ಒಂದು ಪ್ರೊಪೆಲ್ಲರ್, ವೇಗವನ್ನು ನಿಯಂತ್ರಿಸುವ ವಿದ್ಯುನ್ಮಾನ ಸಾಧನಗಳು, ಲಿಥಿಯಂ ಪಾಲಿಮರ್ ಬ್ಯಾಟರಿ, ರೇಡಿಯೋ ಗ್ರಾಹಕ ಹಾಗೂ ಆಟೋಪೈಲಟ್ ಫಲಕ: ಇವು ಕ್ವಾಡ್‌ಕಾಪ್ಟರಿನ ಮುಖ್ಯ ಭಾಗಗಳು. ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆಯು ವಿದ್ಯುನ್ಮಾನ ಬಿಡಿಭಾಗಗಳ ಮಾರುಕಟ್ಟೆಯೆಂದು ಬಹುಕಾಲದಿಂದ ಹೆಸರಾಗಿದೆ.

ಬಿಡಿಭಾಗಗಳನ್ನು ಕೊಳ್ಳುವ ಮೊದಲು ಲೆಕ್ಕ ಹಾಕುವುದು ಅಗತ್ಯ. ಬ್ಯಾಟರಿಯೂ ಸೇರಿ ಯಂತ್ರದ ಒಟ್ಟು ತೂಕ 1,200 ಗ್ರಾಂ ಎಂದಿಟ್ಟುಕೊಳ್ಳೋಣ. ಗಾಳಿಯಲ್ಲಿ ನಿಲ್ಲಲು ಪ್ರತಿ ಮೋಟಾರು 300 ಗ್ರಾಂ ಭಾರವನ್ನು ಎತ್ತಬೇಕು. ಆದರೆ ಬೀಸುಗಾಳಿಯನ್ನು ಎದುರಿಸಲು ಇದರ ಎರಡರಷ್ಟು, ಅಂದರೆ ಕನಿಷ್ಠ 600 ಗ್ರಾಂ ಎತ್ತುವ ಶಕ್ತಿಯಿರಬೇಕು. ಗಾಳಿಯಲ್ಲಿ ನಿಂತಾಗ ಯಂತ್ರವು ಸರಾಸರಿ 15 ಆಂಪಿಯರ್ ವಿದ್ಯುತ್ತನ್ನು ಬಳಸುವುದಾದರೆ, 5 ಆಂಪಿಯರ್-ಗಂಟೆಯ ಬ್ಯಾಟರಿಯ ಶೇಕಡ 80 ಭಾಗವು ಸುಮಾರು 16 ನಿಮಿಷಗಳಿಗೆ ಸಾಕಾಗುತ್ತದೆ. ಉಳಿದ ಶೇಕಡ 20 ಭಾಗವನ್ನು ಬ್ಯಾಟರಿಯ ಹಿತಕ್ಕಾಗಿಯೂ ಸುರಕ್ಷಿತವಾಗಿ ಇಳಿಯುವುದಕ್ಕಾಗಿಯೂ ಕಾಯ್ದಿರಿಸತಕ್ಕದ್ದು.

ಸಮತೋಲನದ ಗುಟ್ಟು

ಕರ್ಣರೇಖೆಯ ಎರಡು ತುದಿಗಳಲ್ಲಿರುವ ಪ್ರೊಪೆಲ್ಲರ್‌ಗಳು ಒಂದೇ ದಿಕ್ಕಿನಲ್ಲಿಯೂ, ಇನ್ನೊಂದು ಕರ್ಣದ ಜೋಡಿಯು ಅದಕ್ಕೆ ವಿರುದ್ಧ ದಿಕ್ಕಿನಲ್ಲಿಯೂ ತಿರುಗುತ್ತವೆ. ಹೀಗಾಗಿ ಯಂತ್ರವು ತನ್ನ ಸುತ್ತಲೇ ಬುಗುರಿಯಂತೆ ಸುತ್ತುವುದು ತಪ್ಪುತ್ತದೆ. ಹಿಂದಿನ ಎರಡು ಮೋಟಾರುಗಳ ವೇಗ ಹೆಚ್ಚಿದರೆ ಯಂತ್ರವು ಮುಂದಕ್ಕೆ ಬಾಗಿ ಚಲಿಸುತ್ತದೆ. ಒಂದು ಕರ್ಣದ ಜೋಡಿಯ ವೇಗವನ್ನು ಹೆಚ್ಚಿಸಿ ಇನ್ನೊಂದರ ವೇಗವನ್ನು ತಗ್ಗಿಸಿದರೆ ಯಂತ್ರದ ಮುಖ ತಿರುಗುತ್ತದೆ.

ಈ ಹೊಂದಾಣಿಕೆಯನ್ನು ಮನುಷ್ಯನ ಕೈ ಅಷ್ಟು ಶೀಘ್ರವಾಗಿ ಮಾಡಲಾರದು. ಅದು ಆಟೋಪೈಲಟ್‌ನ ಕೆಲಸ. ಓರೆ, ತಿರುವು, ಎತ್ತರ, ದಿಕ್ಕು ಹಾಗೂ ಉಪಗ್ರಹಗಳ ಮೂಲಕ ತಿಳಿಯುವ ಸ್ಥಾನ ಇವನ್ನು ಅಳೆದು, ಅದು ಒಂದು ಸೆಕೆಂಡಿನಲ್ಲಿ ನೂರಾರು ಬಾರಿ ಮೋಟಾರುಗಳ ವೇಗವನ್ನು ತಿದ್ದುತ್ತದೆ. ‘ಆರ್ಡುಪೈಲಟ್’ ಮತ್ತು ‘ಪಿಎಕ್ಸ್4’ ಇಂತಹ ಕೆಲಸಕ್ಕೆ ಪ್ರಸಿದ್ಧವಾದ ಮುಕ್ತ ತಂತ್ರಾಂಶಗಳು. ಇವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಶುಲ್ಕವಿಲ್ಲದೆ ಬಳಸಬಹುದು. ಆದರೆ ಯಾವ ಅಂಶವನ್ನು ಎಷ್ಟಕ್ಕೆ ನಿಗದಿಪಡಿಸಬೇಕೆಂಬ ಹೊಣೆಯೂ ಬಳಸುವವನದೇ ಆಗಿರುತ್ತದೆ.

ಹದಿನೈದು ಮೀಟರಿನ ಪ್ರಶ್ನೆ

ಇದಕ್ಕೆ ಒಂದು ನಿದರ್ಶನವನ್ನು ನೋಡಬಹುದು. ರೇಡಿಯೋ ಸಂಪರ್ಕ ಕಡಿದುಹೋದಾಗ ಯಂತ್ರವು ತಾನಾಗಿಯೇ ಹೊರಟ ಸ್ಥಳಕ್ಕೆ ಹಿಂತಿರುಗುವ ಏರ್ಪಾಡು ಆರ್ಡುಪೈಲಟ್‌ನಲ್ಲಿದೆ. ಅದಕ್ಕಾಗಿ ಮೊದಲೇ ಗೊತ್ತುಪಡಿಸಿರುವ ಎತ್ತರ 15 ಮೀಟರ್. ಯಂತ್ರವು ಕನಿಷ್ಠ ಅಷ್ಟು ಎತ್ತರಕ್ಕೆ ಏರಿ ನೇರ ರೇಖೆಯಲ್ಲಿ ಹಿಂದಕ್ಕೆ ಬರುತ್ತದೆ. ಬಯಲು ಸೀಮೆಯ ಹೊಲದಲ್ಲಿ ಇದು ಸಾಕು. ಆದರೆ 15 ಮೀಟರ್ ಎಂದರೆ ಸುಮಾರು ಐದು ಅಂತಸ್ತುಗಳ ಎತ್ತರ. ಇಪ್ಪತ್ತು, ಮೂವತ್ತು ಅಂತಸ್ತುಗಳ ಕಟ್ಟಡಗಳ ನಡುವೆ ಹೀಗೆ ಹಿಂತಿರುಗುವ ಯಂತ್ರವು ಯಾರದಾದರೂ ಕಿಟಕಿಗೆ ಅಪ್ಪಳಿಸಬಹುದು. ಎತ್ತರವನ್ನು ಹೆಚ್ಚಿಸೋಣವೆಂದರೆ ಕಾನೂನಿನ ಮಿತಿ ಅಡ್ಡ ಬರುತ್ತದೆ. ಅಲ್ಲದೆ ಕಟ್ಟಡಗಳು ಉಪಗ್ರಹ ಸಂಕೇತಗಳನ್ನು ಮರೆಮಾಡುತ್ತವೆ, ಪ್ರತಿಫಲಿಸುತ್ತವೆ; ಕಾಂಕ್ರೀಟಿನೊಳಗಿನ ಕಬ್ಬಿಣವು ದಿಕ್ಸೂಚಿಯನ್ನು ದಾರಿತಪ್ಪಿಸುತ್ತದೆ. ಆದುದರಿಂದ ಮಹಾನಗರದಲ್ಲಿ ಸುರಕ್ಷತೆಯು ತಂತ್ರಾಂಶಕ್ಕಿಂತ ಮೊದಲು ಸ್ಥಳದ ಆಯ್ಕೆಯನ್ನು ಅವಲಂಬಿಸಿದೆ.

ಕಾನೂನಿನ ಕಟ್ಟುಪಾಡು

2014ರ ಮೇ ತಿಂಗಳಲ್ಲಿ ಮುಂಬಯಿಯ ಉಪಾಹಾರ ಗೃಹವೊಂದು ಡ್ರೋನ್ ಮೂಲಕ ವರಳಿಯ ಬಹುಮಹಡಿ ಕಟ್ಟಡಕ್ಕೆ ಪಿಜ್ಜಾ ತಲುಪಿಸಿದ ಸುದ್ದಿ ಪ್ರಕಟವಾದಾಗ ಪೊಲೀಸರು ವಿಚಾರಣೆಗೆ ಮುಂದಾದರು. ಅದೇ ವರ್ಷದ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪ್ರಕಟಣೆ ಹೊರಡಿಸಿ, ನಿಯಮಗಳು ರೂಪುಗೊಳ್ಳುವವರೆಗೆ ನಾಗರಿಕ ಬಳಕೆಯನ್ನು ತಡೆಹಿಡಿಯಿತು. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಹವ್ಯಾಸಿಗಳ ದಾರಿಯನ್ನು ಸುಗಮಗೊಳಿಸಿದವು.

ಈ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು ಹಾಗೂ 2 ಕಿಲೋಗ್ರಾಂವರೆಗಿನ ಯಂತ್ರವು ‘ಮೈಕ್ರೋ’ ವರ್ಗಕ್ಕೆ ಸೇರುತ್ತದೆ. ವಾಣಿಜ್ಯೇತರ ಬಳಕೆಗೆ ಈ ವರ್ಗದಲ್ಲಿ ಚಾಲಕ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಯಂತ್ರವನ್ನು ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಮೂರನೆಯ ವ್ಯಕ್ತಿಗೆ ಆಗಬಹುದಾದ ಹಾನಿಗೆ ವಿಮೆಯೂ ಇರಬೇಕು. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿಗಳವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರ್ ಒಳಗೆ ಅನುಮತಿಯಿಲ್ಲದೆ ಹಾರಾಟವಿಲ್ಲ. ಅಂಧೇರಿ, ಕುರ್ಲಾ, ಬಾಂದ್ರಾ ಮಾತ್ರವಲ್ಲ, ಪವಯಿ ಕೂಡ ಈ ಪರಿಧಿಯೊಳಗೇ ಇದೆ. ಇದಲ್ಲದೆ ಮುಂಬಯಿ ಪೊಲೀಸರು ಆಗಾಗ್ಗೆ ಪ್ರತ್ಯೇಕ ನಿಷೇಧಾಜ್ಞೆಗಳನ್ನೂ ಹೊರಡಿಸುತ್ತಾರೆ.

ಹಾರಾಟಕ್ಕೆ ಮುನ್ನ

ಮನೆಯಲ್ಲಿ ನಡೆಸುವ ಪರೀಕ್ಷೆಗಳೆಲ್ಲವನ್ನೂ ಪ್ರೊಪೆಲ್ಲರ್‌ಗಳನ್ನು ಬಿಚ್ಚಿಟ್ಟೇ ಮಾಡತಕ್ಕದ್ದು. ವೇಗವಾಗಿ ತಿರುಗುವ ಅಲಗು ಬೆರಳನ್ನು ಸೀಳಬಲ್ಲುದು. ಉಬ್ಬಿದ ಬ್ಯಾಟರಿಯನ್ನು ಬಳಸಬಾರದು. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಬಿಟ್ಟು ಹೋಗಬಾರದು. ಆಟೋಪೈಲಟ್ ದೋಷವನ್ನು ಸೂಚಿಸಿ ಮೋಟಾರುಗಳನ್ನು ಚಾಲೂ ಮಾಡಲು ನಿರಾಕರಿಸಿದರೆ ಕಾರಣವನ್ನು ಹುಡುಕಬೇಕೇ ಹೊರತು ಆ ತಪಾಸಣೆಯನ್ನೇ ರದ್ದುಪಡಿಸಬಾರದು. ಅಂದಿನ ವಲಯ ನಕ್ಷೆಯನ್ನೂ ಪೊಲೀಸ್ ಆಜ್ಞೆಗಳನ್ನೂ ನೋಡಿ, ಜನಸಂದಣಿಯಿಂದ ದೂರವಾದ ಬಯಲನ್ನು ಆರಿಸಿಕೊಂಡು, ಯಂತ್ರವನ್ನು ಸದಾ ಕಣ್ಣಳತೆಯಲ್ಲಿ ಇರಿಸಿಕೊಳ್ಳಬೇಕು.

ಯಂತ್ರದ ಸಮತೋಲನವನ್ನು ಆಟೋಪೈಲಟ್ ನೋಡಿಕೊಳ್ಳುತ್ತದೆ. ಅದರ ಕೆಳಗೆ ಯಾರು ನಡೆದಾಡುತ್ತಿದ್ದಾರೆ ಎಂಬುದನ್ನು ನೋಡಿಕೊಳ್ಳಬೇಕಾದವನು ಅದನ್ನು ಹಾರಿಸುವವನೇ.