ನೀರಿನ ಖಟ್ಲೆ ಮತ್ತು ನಮ್ಮ ಹೊಟೇಲು

ಗಿರಾಕಿ ಬಂದು ಕೂತೊಡನೆ ನಾವು ಮೊದಲು ಇಡುವುದು ಒಂದು ಗ್ಲಾಸ್ ನೀರು. ಅದಕ್ಕೆ ಬಿಲ್ಲಿಲ್ಲವೆಂದು ಹೆಚ್ಚಿನವರು ಅದರ ಲೆಕ್ಕವನ್ನೂ ಇಡುವುದಿಲ್ಲ. ಆದರೆ ನೀರಿನಿಂದ ಮಗುವೊಂದು ಕಾಯಿಲೆ ಬಿದ್ದು ವಿಷಯ ಕೋರ್ಟಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದು.

ಇಂಥ ಖಟ್ಲೆಗಳಲ್ಲಿ ಹೆಸರಾದುದು ಅಮೆರಿಕದ ಬೋಸ್ಟನ್ ಬಳಿಯ ವೂಬರ್ನ್ ಊರಿನದು. ಊರಿಗೆ ನೀರು ಕೊಡುತ್ತಿದ್ದ ಎರಡು ಬಾವಿಗಳಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ರಾಸಾಯನಿಕ ಕಂಡುಬಂದು, 1979ರಲ್ಲಿ ಅವನ್ನು ಮುಚ್ಚಲಾಯಿತು. ರಕ್ತದ ಕ್ಯಾನ್ಸರಿಗೆ ತುತ್ತಾದವರ, ಹೆಚ್ಚಾಗಿ ಮಕ್ಕಳ, ಎಂಟು ಕುಟುಂಬಗಳು 1982ರಲ್ಲಿ ದಾವೆ ಹೂಡಿದವು. 1986ರ ವಿಚಾರಣೆಯಲ್ಲಿ ನ್ಯಾಯಾಧೀಶರು ಮೊದಲು ಕೈಗೆತ್ತಿಕೊಂಡದ್ದು ಒಂದೇ ಪ್ರಶ್ನೆ: ಯಾರ ರಾಸಾಯನಿಕ, ಯಾವಾಗ ಬಾವಿ ಸೇರಿತು? ಜ್ಯೂರಿ ಬಿಯಾಟ್ರಿಸ್ ಫುಡ್ಸ್ ಕಂಪೆನಿಯನ್ನು ಬಿಟ್ಟು, ಡಬ್ಲ್ಯೂ. ಆರ್. ಗ್ರೇಸ್ ಕಂಪೆನಿಯನ್ನು ಹೊಣೆ ಮಾಡಿತು. ಆದರೆ ದಿನಾಂಕಗಳ ಉತ್ತರ ಒಂದಕ್ಕೊಂದು ತಾಳೆಯಾಗದೆ ಮರುವಿಚಾರಣೆಗೆ ಆದೇಶವಾಯಿತು. ಕೊನೆಗೆ ಗ್ರೇಸ್ 80 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಾಯಿಲೆ ಆ ನೀರಿನಿಂದಲೇ ಬಂತೇ ಎಂಬ ಪ್ರಶ್ನೆ ಜ್ಯೂರಿಯ ಮುಂದೆ ಬರಲೇ ಇಲ್ಲ. ಗರ್ಭಿಣಿಯರು ಕುಡಿದ ಆ ನೀರಿಗೂ ಮಕ್ಕಳ ಕಾಯಿಲೆಗೂ ಸಂಬಂಧವಿದೆಯೆಂದು ಆ ರಾಜ್ಯದ ಆರೋಗ್ಯ ಇಲಾಖೆಯ ಅಧ್ಯಯನ ತೋರಿಸಿದ್ದು ಎಷ್ಟೋ ವರ್ಷಗಳ ನಂತರ.

ನಮ್ಮ ಭಾಗದಲ್ಲೂ ಇಂಥ ವ್ಯಾಜ್ಯವಿಲ್ಲದಿಲ್ಲ. ಕಲ್ಯಾಣ್, ಡೊಂಬಿವಲಿ, ಉಲ್ಲಾಸನಗರಗಳಿಗೆ ಕುಡಿಯುವ ನೀರು ಬರುವುದು ಉಲ್ಲಾಸ ನದಿಯಿಂದ. ಅದಕ್ಕೂ ವಾಲಧುನಿಗೂ ಚರಂಡಿ ಮತ್ತು ಕಾರ್ಖಾನೆಗಳ ಕೊಳಚೆ ಸೇರುತ್ತಿದೆಯೆಂದು 'ವನಶಕ್ತಿ' ಸಂಸ್ಥೆ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠಕ್ಕೆ ಹೋಯಿತು. 2015ರ ಜುಲೈಯಲ್ಲಿ ಮಂಡಳಿ, ಕೊಳಕು ಮಾಡಿದವನೇ ತೆರಬೇಕೆಂಬ ತತ್ವದಂತೆ ನಗರಾಡಳಿತ ಸಂಸ್ಥೆಗಳಿಗೂ ಕಾರ್ಖಾನೆಗಳ ಕೊಳಚೆ ಶುದ್ಧೀಕರಣ ಘಟಕಗಳಿಗೂ ಹಣ ಕಟ್ಟಲು ಆದೇಶಿಸಿತು. ನವಿಮುಂಬಯಿ ಮಹಾನಗರಪಾಲಿಕೆಗೆ ತನ್ನದೇ ಮೋರ್ಬೆ ಅಣೆಕಟ್ಟಿದೆ. ಆದರೂ ಪೈಪು, ಟ್ಯಾಂಕರ್, ಟಾಂಕಿಗಳ ಹಾದಿ ಎಲ್ಲರಿಗೂ ಒಂದೇ.

ಈಗ ನಮ್ಮ ಹೊಣೆಗೆ ಬರೋಣ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಅಡುಗೆಗೆ ಬಳಸುವ ನೀರೂ 'ಆಹಾರ'ವೇ. ಅಸುರಕ್ಷಿತ ಆಹಾರದಿಂದ ಗ್ರಾಹಕ ಸತ್ತರೆ 65ನೇ ಕಲಮಿನಂತೆ ಪರಿಹಾರ 5 ಲಕ್ಷ ರೂಪಾಯಿಗೆ ಕಡಿಮೆಯಿರಬಾರದು. ತೀವ್ರ ಹಾನಿಗೆ 3 ಲಕ್ಷದವರೆಗೆ, ಇತರ ಹಾನಿಗೆ 1 ಲಕ್ಷದವರೆಗೆ. ಇದೇ ಕಾಯ್ದೆಯ 80ನೇ ಕಲಮು ನಮಗೊಂದು ರಕ್ಷಣೆಯನ್ನೂ ಕೊಟ್ಟಿದೆ: ತಕ್ಕ ಎಚ್ಚರಿಕೆ ವಹಿಸಿದ್ದೆನೆಂದು ತೋರಿಸಿಕೊಟ್ಟವನು ತಪ್ಪಿತಸ್ಥನಲ್ಲ. ಬಾಯಿಮಾತಿನಲ್ಲಿ ಅದನ್ನು ತೋರಿಸಲಾಗದು, ಕಾಗದ ಬೇಕು.

ಆದುದರಿಂದ ಒಂದು ನೋಟುಬುಕ್ಕು ಇಡಿ. ನೆಲದಡಿಯ ಮತ್ತು ಟೆರೇಸಿನ ಟಾಂಕಿ ತೊಳೆದ ದಿನ, ತೊಳೆದವರ ಸಹಿ, ಫಿಲ್ಟರ್ ಬದಲಿಸಿದ ಬಿಲ್ಲು, ಟ್ಯಾಂಕರ್ ಬಂದ ದಿನ ಮತ್ತು ಅದರ ರಸೀದಿ, ಎಲ್ಲವೂ ಅದರಲ್ಲಿರಲಿ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಐಎಸ್ 10500ರಂತೆ ಪರೀಕ್ಷೆ ಮಾಡಿಸಿ ವರದಿ ಜೋಪಾನ ಮಾಡಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಮ್ ಉಳಿದಿರಬೇಕು. ಸಣ್ಣ ಕಿಟ್‌ನಿಂದ ಇದನ್ನು ನಾವೇ ನೋಡಬಹುದು. ಚಟ್ನಿ, ಮಜ್ಜಿಗೆ, ಐಸ್‌ಗಳ ನೀರಿಗೆ ಹೆಚ್ಚು ಗಮನವಿರಲಿ, ಅದು ಒಲೆ ಕಾಣುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಸೀಸ, ನೈಟ್ರೇಟ್ ಹೋಗುವುದಿಲ್ಲ. ಬೋರ್‌ವೆಲ್ ನೀರು ಬಳಸುವವರು ಇದನ್ನು ಮರೆಯಬಾರದು.

ಮಕ್ಕಳ ಮೈಭಾರ ಕಡಿಮೆ. ದೊಡ್ಡವರಿಗೆ ಒಂದು ದಿನದ ಹೊಟ್ಟೆನೋವಾಗುವುದು ಮಗುವನ್ನು ಆಸ್ಪತ್ರೆಗೆ ಸೇರಿಸಬಲ್ಲದು. ನೋಟುಬುಕ್ಕು ಕೋರ್ಟಿನಲ್ಲಿ ನಮ್ಮನ್ನು ಕಾಯಬಹುದು. ಆದರೆ ಅದನ್ನು ತಪ್ಪದೆ ಬರೆಯುವವರ ಟಾಂಕಿ ಶುಚಿಯಾಗಿರುತ್ತದೆ, ಮಗು ಕಾಯಿಲೆ ಬೀಳುವ ಸಂಭವವೇ ಕಡಿಮೆಯಾಗುತ್ತದೆ. ಅದೇ ಅದರ ದೊಡ್ಡ ಲಾಭ.