ಓಡದ ಬಿರುಗಾಳಿ, ಇಳಿಯದ ಹೊಳೆ

2019ರ ಮೇ ತಿಂಗಳಲ್ಲಿ ಅಥಣಿ ಸೀಮೆಯ ಕೃಷ್ಣಾ ನದಿ ಬತ್ತಿತ್ತು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಕುಡಿಯಲಿಕ್ಕಾದರೂ ನೀರು ಬಿಡಿಸಿ ಎಂದು ಹೊಳೆದಂಡೆಯ ಜನ ಬೀದಿಗಿಳಿದರು. ಆಗಸ್ಟ್ ಎರಡನೆಯ ವಾರಕ್ಕೆ ಅದೇ ಜನ ಮಾಳಿಗೆ ಹತ್ತಿ ಬೋಟಿನ ದಾರಿ ಕಾಯುತ್ತಿದ್ದರು. ಅಥಣಿ ತಾಲ್ಲೂಕಿನ ಹುಲಗಬಾಳಿ, ಸಪ್ತಸಾಗರ, ದರೂರ, ಹಲ್ಯಾಳ, ನಂದೇಶ್ವರ, ಸತ್ತಿ. ಕಾಗವಾಡದ ಜುಗುಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರ. ಹೊಳೆಯಾಚೆ ಕುಡಚಿ, ಯಡೂರ, ಕಲ್ಲೋಳ, ಇಂಗಳಿ. ಊರಿನ ನಾಲ್ಕೂ ದಿಕ್ಕಿಗೆ ಕೆಂಪು ನೀರು. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ, ಕಬ್ಬು ಬೆಳೆಯುವ ಕರಿ ನೆಲದಲ್ಲಿ ದ್ವೀಪಗಳು ಹುಟ್ಟಿಕೊಂಡವು.

ಇದಾಗಿ ಮೂರು ವಾರಕ್ಕೆ, ಭೂಮಿಯ ಆಚೆ ಮಗ್ಗುಲಲ್ಲಿ, ನಿಜವಾದ ದ್ವೀಪಗಳ ಮೇಲೆ ಡೋರಿಯನ್ ಎಂಬ ಹರಿಕೇನ್ ಬಂದು ನಿಂತಿತು. ಸೆಪ್ಟೆಂಬರ್ 1ರಂದು ಬಹಾಮಾಸ್ ದೇಶದ ಅಬಾಕೊ ದ್ವೀಪಗಳನ್ನು ಹೊಕ್ಕಾಗ ಅದರ ಗಾಳಿಯ ವೇಗ ಗಂಟೆಗೆ ಸುಮಾರು 295 ಕಿಲೋಮೀಟರ್. ಮರುದಿನ ಗ್ರ್ಯಾಂಡ್ ಬಹಾಮಾ ದ್ವೀಪದ ಮೇಲೆ ಅದರ ನಡಿಗೆ ಗಂಟೆಗೆ ಎರಡು ಕಿಲೋಮೀಟರಿಗೆ ಇಳಿಯಿತು. ನಡೆದು ಹೋಗುವ ಮನುಷ್ಯ ಅದನ್ನು ಹಿಂದೆ ಹಾಕಬಹುದಿತ್ತು. ಸುತ್ತುವ ವೇಗ ಬೇರೆ, ಸಾಗುವ ವೇಗ ಬೇರೆ. ಟಿವಿಯಲ್ಲಿ ನಮಗೆ ಹೇಳುವುದು ಸುತ್ತುವ ವೇಗವನ್ನು. ದ್ವೀಪದವರ ಬದುಕನ್ನು ನಿರ್ಧರಿಸಿದ್ದು ಸಾಗುವ ವೇಗ. ಈ ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡುವಂತೆ ಮಾಡಿದ್ದು ಈ ನಿಧಾನವೇ.

ಹರಿಕೇನ್ ಎಂದರೂ ಚಂಡಮಾರುತ ಎಂದರೂ ಅದೊಂದು ಶಾಖಯಂತ್ರ. ಹಬೆ ಎಂಜಿನ್ನಿಗೆ ಒಂದು ಕಡೆ ಬಿಸಿ ಒಲೆ, ಇನ್ನೊಂದು ಕಡೆ ತಂಪು ಜಾಗ ಬೇಕಾಗುತ್ತದೆ. ಚಂಡಮಾರುತಕ್ಕೆ ಒಲೆ ಎಂದರೆ ಸಮುದ್ರ. ಮೇಲ್ಪದರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರಬೇಕು, ಆ ಕಾವು ಹತ್ತಾರು ಮೀಟರ್ ಆಳದವರೆಗೂ ಇರಬೇಕು. ತಂಪು ಜಾಗ ಸಿಗುವುದು ಹದಿನೈದು ಕಿಲೋಮೀಟರ್ ಮೇಲೆ, ಸೊನ್ನೆಗಿಂತ ಅರವತ್ತು ಎಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ. ಇವೆರಡರ ನಡುವೆ ದುಡಿಯುವುದು ನೀರಾವಿ. ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 2,500 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ, ಮೇಲೆ ಮೋಡವಾಗಿ ಹನಿಗಟ್ಟುವಾಗ ಅಷ್ಟನ್ನೂ ಬಿಟ್ಟುಕೊಡುತ್ತದೆ. ಕಾದ ಗಾಳಿ ಇನ್ನೂ ಏರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಒಳನುಗ್ಗುತ್ತದೆ, ನುಗ್ಗುವಾಗ ಸಮುದ್ರದಿಂದ ಇನ್ನಷ್ಟು ಆವಿ ಎತ್ತಿಕೊಳ್ಳುತ್ತದೆ. ಅಮೆರಿಕದ ಎಂಐಟಿಯ ಕೆರಿ ಇಮ್ಯಾನ್ಯುಯೆಲ್ ಈ ಲೆಕ್ಕವನ್ನು 1980ರ ದಶಕದಲ್ಲಿ ಬಿಡಿಸಿಟ್ಟರು. ಸಮುದ್ರದ ಬಿಸಿ ಮತ್ತು ಮೇಲಿನ ಚಳಿ ಗೊತ್ತಿದ್ದರೆ, ಬಿರುಗಾಳಿಯೊಂದು ಮುಟ್ಟಬಹುದಾದ ಗರಿಷ್ಠ ಬಲವನ್ನು ಕಾಗದದ ಮೇಲೆ ಹೇಳಬಹುದು.

ಈ ಯಂತ್ರದಲ್ಲಿ ಒಂದು ಭಾಗವೇ ಇಲ್ಲ. ಸ್ಟೇರಿಂಗ್ ಇಲ್ಲದ ಟ್ರ್ಯಾಕ್ಟರಿನಂತೆ ಎಂಜಿನ್ ಎಷ್ಟೇ ಅಬ್ಬರಿಸಲಿ, ಎತ್ತ ಹೋಗಬೇಕೆಂಬುದು ಅದರ ಕೈಯಲ್ಲಿಲ್ಲ. ಅದನ್ನು ತಳ್ಳಿಕೊಂಡು ಹೋಗುವುದು ಸುತ್ತಲಿನ ವಿಶಾಲವಾದ ಗಾಳಿಯ ಹರಿವು. ಡೋರಿಯನ್ನನ್ನು ಪಶ್ಚಿಮಕ್ಕೆ ತಳ್ಳುತ್ತಿದ್ದದ್ದು ಅಟ್ಲಾಂಟಿಕ್ ಮೇಲಿನ ಹೆಚ್ಚು ಒತ್ತಡದ ದೊಡ್ಡ ವಲಯ. ಅದು ಸಡಿಲವಾಯಿತು. ಉತ್ತರಕ್ಕೆ ಎಳೆದುಕೊಳ್ಳಬೇಕಿದ್ದ ಇನ್ನೊಂದು ಹರಿವು ಅಮೆರಿಕದ ಕಡೆಯಿಂದ ಇನ್ನೂ ಬಂದು ತಲುಪಿರಲಿಲ್ಲ. ನಡುವೆ ಸಿಕ್ಕಿದ ಡೋರಿಯನ್ ಒಂದು ದಿನಕ್ಕೂ ಹೆಚ್ಚು ಕಾಲ ಒಂದೇ ದ್ವೀಪವನ್ನು ಅರೆಯಿತು. ಆರು ಮೀಟರಿಗೂ ಮಿಕ್ಕಿ ಉಬ್ಬಿದ ಸಮುದ್ರ ಹಿಂದೆ ಸರಿಯಲೇ ಇಲ್ಲ. ಬಲದಲ್ಲಿ ಅಷ್ಟೇ ಇದ್ದು ವೇಗವಾಗಿ ದಾಟಿಹೋಗುವ ಹರಿಕೇನಿನಲ್ಲಿ ಜನ ಕೆಲವು ತಾಸು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಇಲ್ಲಿ ಆ ಕೆಲವು ತಾಸು ಮುಗಿಯಲೊಲ್ಲದಾಯಿತು. ಸತ್ತವರು 74 ಎಂದು ಅಲ್ಲಿನ ಸರ್ಕಾರ ಲೆಕ್ಕ ಕೊಟ್ಟಿದೆ, ಕಾಣೆಯಾದವರು ನೂರಾರು. ಮಾರ್ಷ್ ಹಾರ್ಬರ್ ಪಟ್ಟಣದ ಅಂಚಿಗೆ ಹೈಟಿಯಿಂದ ವಲಸೆ ಬಂದ ಬಡವರು ಹಲಗೆ ಮನೆ ಕಟ್ಟಿಕೊಂಡಿದ್ದ 'ದ ಮಡ್' ಎಂಬ ಕೇರಿ ಪೂರ್ತಿ ಅಳಿಸಿಹೋಯಿತು.

ನಿಂತಲ್ಲೇ ನಿಂತ ಬಿರುಗಾಳಿ ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬುದೂ ನಿಜ. ಗಾಳಿ ಕಡಲನ್ನು ಕಡೆದು ಆಳದ ತಣ್ಣೀರನ್ನು ಮೇಲೆ ತರುತ್ತದೆ. ಡೋರಿಯನ್ ಹೀಗೆಯೇ ಬಹಾಮಾಸಿನಲ್ಲಿ ಸೊರಗಿತು. ಆದರೆ ಗಾಳಿ ಸೊರಗುವ ಹೊತ್ತಿಗೆ ನೀರು ತನ್ನ ಕೆಲಸ ಮುಗಿಸಿತ್ತು. ಗ್ರ್ಯಾಂಡ್ ಬಹಾಮಾದ ಸುಣ್ಣಕಲ್ಲಿನ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ. ಅಲ್ಲಿನವರು ಕೊಳವೆಬಾವಿಗಳಿಂದ ಎತ್ತಿ ಕುಡಿಯುವುದು ಅದನ್ನೇ. ಸಮುದ್ರ ಆ ಕೊಳವೆಬಾವಿಗಳ ಪ್ರದೇಶದ ಮೇಲೆ ನಿಂತು ಒಳಗಿಳಿಯಿತು. ಗಾಳಿ ಹೋದ ಎಷ್ಟೋ ತಿಂಗಳು ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತು.

ಈಗ ನಮ್ಮ ಕಡೆಗೆ ಬರೋಣ. ಅಥಣಿ ಮಳೆಯ ಊರಲ್ಲ. ಸಹ್ಯಾದ್ರಿಯ ಮರೆಯಲ್ಲಿರುವ ಇಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆಯ ವರ್ಷ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಅಲ್ಲಿಂದ ಇಳಿಯುವ ಹೊಳೆಗೆ ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಕೂಡುತ್ತವೆ. ಮಹಾರಾಷ್ಟ್ರದ ಗಡಿ ದಾಟಿದ ಮೇಲೆ ಚಿಕ್ಕೋಡಿ ತಾಲ್ಲೂಕಿನಲ್ಲಿ, ನಿಪ್ಪಾಣಿ ಕಡೆಯಿಂದ ವೇದಗಂಗೆಯನ್ನೂ ಕರೆದುಕೊಂಡು ಬಂದ ದೂಧಗಂಗಾ ಸೇರುತ್ತದೆ. ಇಷ್ಟು ಹೊಳೆಗಳ ನೀರು ಒಂದೇ ಪಾತ್ರದಲ್ಲಿ ಅಥಣಿಯ ದಕ್ಷಿಣದ ಅಂಚನ್ನು ಸವರಿಕೊಂಡು ಹೋಗಬೇಕು. ಇಲ್ಲಿಯ ಜನ ಮಳೆಗಾಲದಲ್ಲಿ ಆಕಾಶ ನೋಡುವುದಕ್ಕಿಂತ ಹೆಚ್ಚಾಗಿ "ಕೊಯ್ನಾದಿಂದ ಎಷ್ಟ ಬಿಟ್ಟಾರ?" ಎಂದು ಕೇಳುವುದು ಅದಕ್ಕೇ.

2019ರ ಆಗಸ್ಟಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದು, 7ರಂದು ಒಡಿಶಾ ತೀರ ಹತ್ತಿ ಪಶ್ಚಿಮಕ್ಕೆ ಸರಿಯಿತು. ಅದರ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ್ದರೆ ಹವಾಮಾನ ಇಲಾಖೆ ಅದಕ್ಕೊಂದು ಹೆಸರಿಡುತ್ತಿತ್ತು. ಹೆಸರಿಡುವಷ್ಟು ಬಲವೂ ಅದಕ್ಕೆ ಬರಲಿಲ್ಲ. ಆದರೆ ಇಂಥ ಕುಸಿತ ಒಳನಾಡಿನಲ್ಲಿ ಇರುವಷ್ಟು ದಿನ ಅರಬ್ಬೀ ಸಮುದ್ರದ ಮುಂಗಾರು ಗಾಳಿಯನ್ನು ಜೋರಾಗಿ ಎಳೆಯುತ್ತದೆ. ಆ ಗಾಳಿ ಬಂದು ಹಾಯುವುದು ಸಹ್ಯಾದ್ರಿಗೆ. ಗೋಡೆಯಂತೆ ನಿಂತ ಘಟ್ಟವನ್ನು ಏರುವಾಗ ತಣಿದು, ಹೊತ್ತುತಂದ ಆವಿಯನ್ನೆಲ್ಲ ಅಲ್ಲೇ ಸುರಿಯುತ್ತದೆ. ಬಹಾಮಾಸಿನಲ್ಲಿ ಬಿರುಗಾಳಿ ನಿಂತುಬಿಟ್ಟದ್ದು ಅಪರೂಪದ ಅವಘಡ. ನಮ್ಮಲ್ಲಿ ಗಾಳಿ ಓಡುತ್ತಲೇ ಇರುತ್ತದೆ, ಬೆಟ್ಟ ಮಾತ್ರ ಕದಲುವುದಿಲ್ಲ. ಹಾಗಾಗಿ ಮಳೆ ದಿನವೂ ಅದೇ ಇಳಿಜಾರಿಗೆ, ಅದೇ ಏಳೆಂಟು ಹೊಳೆಗಳ ತಲೆಯ ಮೇಲೆ ಬೀಳುತ್ತದೆ. ನಿಂತ ಬಿರುಗಾಳಿಯ ಪರಿಣಾಮವನ್ನು ಸಹ್ಯಾದ್ರಿ ಯಾವ ಹೆಸರೂ ಇಲ್ಲದ ಸಾಮಾನ್ಯ ಮಳೆಗಾಳಿಯಿಂದಲೇ ಮಾಡಿಸಬಲ್ಲದು.

ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಆ ಆಗಸ್ಟಿನಲ್ಲಿ ಹೊಳೆ 57 ಅಡಿ ದಾಟಿತು. ಕೊಲ್ಹಾಪುರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ಸುಮಾರು ಒಂದು ವಾರ ನೀರಿನಡಿ ಇತ್ತು. ಹೊಳೆಯ ಕೆಳಗಿನ ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟರು. ಒಂದು ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಅಂದರೆ 5 ಲಕ್ಷದ ಹರಿವು ಮೂರು ದಿನ ಮುಗಿಯುವ ಮೊದಲೇ 123 ಟಿಎಂಸಿಯ ಬರಿದಾದ ಆಲಮಟ್ಟಿಯನ್ನು ತುಂಬಿಬಿಡುತ್ತದೆ. ಇಷ್ಟು ನೀರನ್ನು ಕಟ್ಟಿಹಾಕುವ ಅಣೆಕಟ್ಟು ಇಲ್ಲಿ ಯಾವುದೂ ಇಲ್ಲ.

ಇದಕ್ಕೆ ನೆಲದ ನಿಧಾನವೂ ಸೇರಿಕೊಳ್ಳುತ್ತದೆ. ಘಟ್ಟದಲ್ಲಿ ಧುಮುಕುವ ಕೃಷ್ಣೆ ಸಾಂಗ್ಲಿ ದಾಟಿದ ಮೇಲೆ ಕಿಲೋಮೀಟರಿಗೆ ಒಂದು ಅಡಿಯಷ್ಟೂ ಇಳಿಯುವುದಿಲ್ಲ. ಬಳುಕಿ ಬಳುಕಿ ಹರಿಯುತ್ತದೆ. ದೊಡ್ಡ ಹೊಳೆ ತುಂಬಿದಾಗ ಉಪನದಿ ಒಳಬರಲು ದಾರಿ ಸಿಗದೆ ಹಿಂದಕ್ಕೆ ಒತ್ತಿಕೊಂಡು ತನ್ನ ಬಯಲನ್ನೆಲ್ಲ ಮುಳುಗಿಸುತ್ತದೆ. ಪಂಚಗಂಗಾ ಮಾಡುವುದು ಇದನ್ನೇ, ದೂಧಗಂಗಾ ಕೂಡ. ಪ್ರತಿವರ್ಷ ನರಸೋಬಾವಾಡಿಯ ದತ್ತ ಮಂದಿರದೊಳಗೆ ಹೊಳೆ ಹೊಕ್ಕು ದಕ್ಷಿಣ ದ್ವಾರದಿಂದ ಹೊರಬರುವುದನ್ನು ಕಂಡು ಮೀಯುವ ಭಕ್ತರಲ್ಲಿ ಅಥಣಿ, ಚಿಕ್ಕೋಡಿಯವರೂ ಇರುತ್ತಾರೆ. ಹೊಳೆ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಬಾಳು ಇದು. ಕಲ್ಲೋಳ–ಯಡೂರ ಬ್ಯಾರೇಜ್ ಮುಳುಗಿದರೆ ಮಳೆಗಾಲ ಶುರುವಾಯಿತು ಎಂದಷ್ಟೇ ಅರ್ಥ, ಯಾರೂ ಗಾಬರಿಯಾಗುವುದಿಲ್ಲ. ಮೆಲ್ಲಗೆ ಏರುವ ನೀರು ಜೀವ ಉಳಿಸಿಕೊಳ್ಳಲು ವೇಳೆ ಕೊಡುತ್ತದೆ. ಅದೇ ನೀರು ಇಳಿಯಲು ವಾರ ತೆಗೆದುಕೊಂಡಾಗ ಉಳಿದದ್ದನ್ನೆಲ್ಲ ಒಂದೊಂದಾಗಿ ಕಸಿಯುತ್ತದೆ.

ಕಬ್ಬಿನ ಬೆಳೆಯುವ ಕಣ್ಣು ಇರುವುದು ತುದಿಯ ಸುಳಿಯಲ್ಲಿ. ಸುಳಿ ನೀರಿನ ಮೇಲಿದ್ದರೆ ಕಬ್ಬು ಗಿಣ್ಣಿನಿಂದ ಹೊಸ ಬೇರು ಬಿಟ್ಟು ಎಷ್ಟೋ ದಿನ ತಡೆಯುತ್ತದೆ. ಸುಳಿ ಮುಳುಗಿ, ಎಲೆಗಳ ನಡುವೆ ಮೆಕ್ಕಲು ಕೂತರೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಎರಡು ದಿನದ ನೆರೆಗೆ ಬದುಕಿಕೊಳ್ಳುವ ಬೆಳೆ ಹತ್ತು ದಿನದ ನೆರೆಗೆ ಸಾಯುತ್ತದೆ. ಮನೆಗಳದ್ದೂ ಹೀಗೆಯೇ. ಹಳೆಯ ಊರುಗಳಲ್ಲಿ ಕಲ್ಲಿನ ನಡುವೆ ಮಣ್ಣು ಮೆತ್ತಿದ ಗೋಡೆಗಳೇ ಬಹಳ, ಅಡಿಪಾಯ ಇರುವುದು ನೀರು ಕುಡಿದು ಉಬ್ಬುವ ಎರೆಮಣ್ಣಿನಲ್ಲಿ. ನೀರು ನಿಂತಿರುವಷ್ಟು ಕಾಲ ಗೋಡೆಗೆ ಎರಡೂ ಬದಿಯಿಂದ ಆಸರೆ ಸಿಗುತ್ತದೆ. ನೀರು ಇಳಿದಾಗ ಆಸರೆ ತಪ್ಪುತ್ತದೆ, ಒಳಗಿನ ಮಣ್ಣು ಕೆಸರಾಗಿರುತ್ತದೆ, ಕೆಳಗಿನ ಎರೆ ಒಣಗುತ್ತ ಬಿರಿಯುತ್ತದೆ. ಬಿಸಿಲು ಬಿದ್ದ ಮೇಲೆ, ಬೋಟಿನವರೂ ಕ್ಯಾಮೆರಾದವರೂ ಹೊರಟುಹೋದ ಮೇಲೆ ಗೋಡೆ ಬೀಳುತ್ತದೆ. ನೆರೆ ಇಳಿದ ತಕ್ಷಣದ ಸರ್ವೆಯಲ್ಲಿ ನಿಂತ ಮನೆ ಎಂದು ಬರೆಸಿಕೊಂಡದ್ದು ಹದಿನೈದು ದಿನ ಬಿಟ್ಟು ಕಲ್ಲಿನ ಗುಡ್ಡೆಯಾಗಿರಬಹುದು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು 2019ರಲ್ಲಿ ಸರ್ಕಾರ ಘೋಷಿಸಿತು, ರಾಜ್ಯದ ಒಟ್ಟು ನಷ್ಟ 35 ಸಾವಿರ ಕೋಟಿ ಮೀರುತ್ತದೆ ಎಂದು ಕೇಂದ್ರಕ್ಕೆ ಬರೆಯಿತು. ಆದರೆ ಇಂಥ ಹಾನಿಯನ್ನು ಒಂದೇ ಸಲ ಅಳೆದು ಮುಗಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಗೋಡೆ ಬೀಳುವುದಕ್ಕೆ ತನ್ನದೇ ಕಾಲವಿದೆ, ಸರ್ವೆ ಅದಕ್ಕೆ ಕಾಯಬೇಕು.

ನಿಧಾನ ಹೆಚ್ಚುತ್ತಿದೆಯೇ? 2018ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಕೋಸಿನ್ 1949ರಿಂದ 2016ರ ನಡುವೆ ಜಗತ್ತಿನ ಚಂಡಮಾರುತಗಳ ಸಾಗುವ ವೇಗ ಸುಮಾರು ಶೇ 10ರಷ್ಟು ಇಳಿದಿದೆ ಎಂದು ತೋರಿಸಿದರು. ಉಪಗ್ರಹಗಳಿಲ್ಲದ ಕಾಲದ ದಾಖಲೆಗಳನ್ನು ಎಷ್ಟು ನಂಬಬೇಕು ಎಂಬ ತಕರಾರು ಇದೆ, ಆ ತಕರಾರಿನಲ್ಲಿ ಹುರುಳೂ ಇದೆ. ಆವಿಯ ಲೆಕ್ಕದಲ್ಲಿ ಮಾತ್ರ ತಕರಾರಿಲ್ಲ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ವ್ಯಾಪಕವಾದ ಅತಿಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ. ಹೊಳೆದಂಡೆಯವರಿಗೆ ಈ ಲೆಕ್ಕ ಹೊಸದಲ್ಲ. 2005, 2019, 2021 ಎಂದು ಅವರು ಮಹಾಪೂರದ ವರ್ಷಗಳನ್ನು ಬಾಯಲ್ಲೇ ಹೇಳುತ್ತಾರೆ.

ಪ್ರತಿ ಮಹಾಪೂರದ ನಂತರ ಗೇಟುಗಳ ಜಗಳ ಏಳುತ್ತದೆ. ಆಲಮಟ್ಟಿಯ ಹಿನ್ನೀರೇ ನಮ್ಮನ್ನು ಮುಳುಗಿಸಿತು ಎಂದು ಸಾಂಗ್ಲಿ ಕಡೆಯವರು, ಕೊಯ್ನಾದ ನೀರು ಒಮ್ಮೆಲೇ ಬಿಟ್ಟದ್ದು ನಮ್ಮನ್ನು ಮುಳುಗಿಸಿತು ಎಂದು ನಮ್ಮವರು. 2019ರ ನೆರೆಯ ಬಗ್ಗೆ ಮಹಾರಾಷ್ಟ್ರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ ಆಲಮಟ್ಟಿಯ ಮೇಲೆ ತಪ್ಪು ಹೊರಿಸಲಿಲ್ಲ. 2021ರ ಜೂನ್‌ನಲ್ಲಿ ಅಲ್ಲಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರ ಜೊತೆ ಕೂತು ಮಾಹಿತಿ ಹಂಚಿಕೊಳ್ಳುವ ಮಾತಾಡಿದರು. ಮುಂದಿನ ತಿಂಗಳೇ ಹೊಳೆ ಮತ್ತೆ ಬಂತು. ಜಗಳಕ್ಕಿಂತ ಆ ಮಾತುಕತೆಯ ಕಡೆಗೆ ನನ್ನ ಒಲವು, ಏಕೆಂದರೆ ಈ ನದಿಯ ನಿಧಾನದಲ್ಲಿ ನಮಗೆ ದಕ್ಕುವ ಒಂದೇ ಲಾಭ ಮುನ್ಸೂಚನೆ. ಘಟ್ಟದ ಮಳೆ, ಜಲಾಶಯಗಳಲ್ಲಿ ಉಳಿದ ಜಾಗ, ಗಡಿಯ ರಾಜಾಪುರ ಬ್ಯಾರೇಜ್ ದಾಟಿದ ನೀರು, ಕೆಳಗೆ ಹಿಪ್ಪರಗಿ ಬ್ಯಾರೇಜಿನಿಂದ ಹೊರಹೋಗುತ್ತಿರುವ ನೀರು, ಇಷ್ಟನ್ನು ಕೂಡಿಸಿದರೆ ಹೊಳೆ ಎಷ್ಟು ಏರುತ್ತದೆ ಎಂಬುದರ ಜೊತೆಗೆ ಎಷ್ಟು ದಿನ ನಿಲ್ಲುತ್ತದೆ ಎಂದೂ ಅಂದಾಜು ಕಟ್ಟಬಹುದು.

ದಿನದ ಪ್ರಕಟಣೆಯಲ್ಲಿ ಕ್ಯುಸೆಕ್ ಇರುತ್ತದೆ, ಅಡಿ ಇರುತ್ತದೆ. ದಿನಗಳ ಅಂದಾಜೂ ಅದರಲ್ಲಿ ಸೇರಬೇಕು. ತೋಟದ ಮನೆಯಲ್ಲಿ ಎರಡು ಎಮ್ಮೆ, ನಾಲ್ಕು ಆಡು ಕಟ್ಟಿಕೊಂಡ ಕುಟುಂಬ ಮನೆ ಬಿಡಲು ಹಿಂಜರಿಯುವುದು ಬಹುಪಾಲು ದನಕರುಗಳಿಗಾಗಿ. ಎರಡೇ ದಿನದ ನೀರಾದರೆ ಮಾಳಿಗೆಯ ಮೇಲೆ ಮೇವು ಏರಿಸಿ ಕಾಯಬಹುದು. ಹತ್ತು ದಿನದ್ದಾದರೆ ಸೇತುವೆ ಮುಳುಗುವ ಮೊದಲೇ ದನ ಹೊಡೆದುಕೊಂಡು ಎತ್ತರದ ಊರಿನ ಕಾಳಜಿ ಕೇಂದ್ರ ಸೇರಬೇಕು, ಅಲ್ಲಿ ಮನುಷ್ಯರಿಗೆ ಅನ್ನದ ಜೊತೆ ದನಗಳಿಗೆ ಹತ್ತು ದಿನದ ಮೇವೂ ಬಂದಿರಬೇಕು.