ಎಳೆಯರ ಓದಿನಲ್ಲಿ ಕಥೆ ಮತ್ತು ಚರಿತ್ರೆ: ಅರಸೀಕೆರೆ, ಬೇಲೂರು, ಹಳೇಬೀಡು ಪ್ರದೇಶವನ್ನು ಕುರಿತ ವಿವೇಚನೆ

ಮಕ್ಕಳಿಗೆ ಯಾವ ಪುಸ್ತಕಗಳನ್ನು ಕೊಡಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದು ಪಟ್ಟಿ. ಪಟ್ಟಿ ಬೇಕಾದುದೇ; ಆದರೆ ಯಾವ ಪುಸ್ತಕದ ಅನಂತರ ಯಾವುದು ಬರಬೇಕು, ಏಕೆ ಬರಬೇಕು ಎಂಬುದನ್ನು ಅದು ತಿಳಿಸುವುದಿಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳಲ್ಲಿ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕೆಂಬುದು ಒಂದು. ಓದುಗನು ಬೆಳೆಯುತ್ತಿರುವ ಬಾಲಕನಾದಾಗ ಅವನಿಗೆ ತಕ್ಕ ಪುಸ್ತಕವೂ ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತದೆ. ಈ ಕ್ರಮವನ್ನು ಒಂದು ಪ್ರದೇಶದ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ವಿಷ್ಣುವರ್ಧನನಿಂದ 1117ರಲ್ಲಿ ನಡೆಯಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ ಆತನ ಕಾಲದಲ್ಲಿಯೇ ಆರಂಭವಾದುದು. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಈ ಊರುಗಳ ಮಗು ಅಕ್ಷರವನ್ನರಿಯುವ ಮೊದಲೇ ಕಥೆಯನ್ನು ಕಲ್ಲಿನಲ್ಲಿ ಕಾಣಬಲ್ಲದು. ಕೈಲಾಸವನ್ನೆತ್ತುವ ರಾವಣನನ್ನೂ ಗೋವರ್ಧನವನ್ನು ಹಿಡಿದ ಕೃಷ್ಣನನ್ನೂ ಹಿರಿಯರು ಬೆರಳು ತೋರಿ ಹೇಳುತ್ತಾರೆ. ಅದರೊಡನೆಯೇ ಜಕಣಾಚಾರಿಯ ಕಥೆಯೂ ಬರುತ್ತದೆ: ಡಂಕಣನೆಂಬ ತರುಣನು ವಿಗ್ರಹದ ಕಲ್ಲಿನಲ್ಲಿ ದೋಷವನ್ನು ತೋರಿಸಿದುದು, ಅದರೊಳಗಿಂದ ಕಪ್ಪೆ ಹೊರಬಂದುದು, ಶಿಲ್ಪಿಯು ತನ್ನ ಕೈಯನ್ನೇ ಕಡಿದುಕೊಂಡುದು, ಆ ತರುಣನು ಅವನ ಮಗನೇ ಎಂದು ತಿಳಿದುಬಂದುದು. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರವು ಈ ಕಥೆಯನ್ನು ನಾಡಿನಲ್ಲೆಲ್ಲ ಹರಡಿತು.

ಆರರಿಂದ ಒಂಬತ್ತು ವರ್ಷದವರೆಗಿನ ಮಕ್ಕಳಿಗೆ ನಾದವೂ ಕಥೆಯೂ ಮುಖ್ಯ. ಪಂಜೆ ಮಂಗೇಶರಾಯರ ಕಥೆ ಮತ್ತು ಪದ್ಯಗಳು, ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇವು ಗಟ್ಟಿಯಾಗಿ ಓದಿ ಹೇಳುವುದಕ್ಕೆ ಯೋಗ್ಯವಾದವು. ಜಕಣಾಚಾರಿಯ ಕಥೆಯೂ ಈ ವಯಸ್ಸಿಗೆ ಸಲ್ಲುತ್ತದೆ. ‘ಇದು ನಿಜವಲ್ಲ’ ಎಂದು ಅದನ್ನು ಈ ಮಕ್ಕಳ ಮುಂದೆ ಅಲ್ಲಗಳೆಯುವುದರಿಂದ ಪ್ರಯೋಜನವಿಲ್ಲ. ತನ್ನ ಕೆಲಸದ ದೋಷವನ್ನು ಒಪ್ಪಿಕೊಳ್ಳುವ ಗುಣವನ್ನು ಆ ಕಥೆ ಮಗುವಿನ ಮನಸ್ಸಿಗೆ ಮುಟ್ಟಿಸುತ್ತದೆ.

ಒಂಬತ್ತರಿಂದ ಹನ್ನೆರಡರವರೆಗೆ ಕುತೂಹಲ ವಿಸ್ತಾರವಾಗುತ್ತದೆ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ‘ಬಾಲಪ್ರಪಂಚ’ವು ಇಂತಹ ಕುತೂಹಲವನ್ನು ಕನ್ನಡದಲ್ಲಿ ತಣಿಸಲು ನಡೆದ ಮೊದಮೊದಲಿನ ದೊಡ್ಡ ಪ್ರಯತ್ನ. ಅದರ ಎಷ್ಟೋ ಸಂಗತಿಗಳು ಇಂದು ಹಳೆಯವಾಗಿದ್ದರೂ, ಎಳೆಯರಿಗೆ ವಿಷಯವನ್ನು ಹೇಗೆ ತಿಳಿಸಬೇಕೆಂಬುದಕ್ಕೆ ಅದು ಈಗಲೂ ಮಾದರಿ. ಭಾರತದ ಕಥೆಯನ್ನು ಬಿಡಿಬಿಡಿಯಾಗಿ ಕೇಳಿದ ಮಕ್ಕಳು ಈ ಹಂತದ ಕೊನೆಗೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವನ್ನು ತಾವೇ ಓದಬಲ್ಲರು. ಅದನ್ನೋದಿ ಹಳೇಬೀಡಿಗೆ ಹೋದವರಿಗೆ ಅಲ್ಲಿಯ ಭಿತ್ತಿಶಿಲ್ಪ ಬೇರೆಯಾಗಿಯೇ ಕಾಣುತ್ತದೆ.

ಹದಿಮೂರರ ಸುಮಾರಿಗೆ ಓದು ಒಂದು ತಿರುವಿಗೆ ಬರುತ್ತದೆ; ಆಯ್ಕೆಯ ಹೊಣೆ ಅತ್ಯಂತ ಹೆಚ್ಚಾಗುವುದು ಇಲ್ಲಿಯೇ. ಹೊಯ್ಸಳರ ಗುಡಿಗಳೆಲ್ಲ ಜಕಣಾಚಾರಿಯ ಕೆಲಸವೆಂದು ನಂಬಿದ ಬಾಲಕನಿಗೆ ಬೇಲೂರಿನ 1117ನ್ನೂ ಅರಸೀಕೆರೆಯ 1220ನ್ನೂ ಕೊಟ್ಟು ಕಳೆಯಲು ಹೇಳಿದರೆ ಸಾಕು. ನೂರಕ್ಕೂ ಮಿಕ್ಕ ಆ ಅಂತರ ಒಬ್ಬನ ಆಯುಸ್ಸಿಗೆ ಮೀರಿದುದೆಂದು ಅವನೇ ಕಂಡುಕೊಳ್ಳುತ್ತಾನೆ. ಹಾಗಾದರೆ ಇವನ್ನು ಕಡೆದವರು ಯಾರು? ಉತ್ತರ ಕಲ್ಲಿನಲ್ಲಿಯೇ ಇದೆ. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಕೆತ್ತಲ್ಪಟ್ಟಿವೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಕೆಲಸವುಂಟು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವೂ, ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ದೇವಾಲಯವನ್ನು ಕುರಿತು ಬರೆದ ಗ್ರಂಥವೂ ವಿದ್ವಾಂಸರಿಗೆ ಪರಿಚಿತವಾದವು. ಬಾಲಕರ ಕೈಗೆ ಅವು ಎಟುಕುವಂಥವಲ್ಲ. ಅವುಗಳಿಂದ ನಾಲ್ಕಾರು ಶಾಸನಗಳನ್ನಾಯ್ದು ತಿಳಿಗನ್ನಡದಲ್ಲಿ ಎರಡು ಪುಟ ಬರೆದುಕೊಡುವುದು ಅಧ್ಯಾಪಕರಿಂದ ಆಗಬೇಕಾದ ಕೆಲಸ. ಕಥೆಯೊಂದೇ ಉಳಿದರೆ, ನಿಜವಾಗಿ ಉಳಿ ಹಿಡಿದವರ ಹೆಸರು ಅವರ ಕೃತಿಗಳ ಎದುರಿನಲ್ಲಿಯೇ ಮರೆತುಹೋಗುತ್ತದೆ.

ಶಾಂತಲೆಯ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಸಿ. ಕೆ. ನಾಗರಾಜರಾಯರ ‘ಪಟ್ಟಮಹಿಷಿ ಶಾಂತಲದೇವಿ’ ಇವೆರಡೂ ತರುಣರು ಓದತಕ್ಕ ಕಾದಂಬರಿಗಳು. ಶ್ರವಣಬೆಳಗೊಳದ ಶಾಸನಗಳಿಂದ ತಿಳಿಯುವುದಾದರೋ ಸ್ವಲ್ಪ: ಆಕೆ ಅಲ್ಲಿ 1123ರಲ್ಲಿ ಬಸದಿಯನ್ನು ಕಟ್ಟಿಸಿದಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಇವುಗಳ ನಡುವಿನ ಮಾತುಕತೆ, ಮನೋವೇದನೆಗಳು ಕಾದಂಬರಿಕಾರರವು. ಎರಡು ಕಾದಂಬರಿಗಳನ್ನೂ ಶಾಸನದ ಸಾರವನ್ನೂ ಒಟ್ಟಿಗೆ ಕೊಟ್ಟರೆ, ಚರಿತ್ರೆ ಎಲ್ಲಿ ನಿಲ್ಲುತ್ತದೆ, ಕಲ್ಪನೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ವಿದ್ಯಾರ್ಥಿ ತಾನೇ ಗುರುತಿಸುವನು. ಕಾದಂಬರಿಯ ಸವಿ ಇದರಿಂದ ಕುಂದುವುದಿಲ್ಲ.

ದೇವಾಲಯಗಳ ಸೀಮೆಯವರು ದೇವಾಲಯಗಳನ್ನು ಕುರಿತೇ ಓದಬೇಕೆಂದು ಇದರ ಅರ್ಥವಲ್ಲ. ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’, ನೆರೆಯ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇವು ತಮ್ಮ ಸುತ್ತಿನ ಜನರನ್ನೂ ಕಾಡನ್ನೂ ನೋಡುವ ಕಣ್ಣನ್ನು ಕೊಡುತ್ತವೆ. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳಲ್ಲಿ ಬಂದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯು, ಓದಿದುದನ್ನು ಇನ್ನೊಂದು ಕಡೆ ನೋಡಿ ತಿಳಿಯುವ ಅಭ್ಯಾಸಕ್ಕೆ ಒಳ್ಳೆಯ ಸಾಧನ.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳ ಓದಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದಿಂದ ಬಂದವರು ಗುಡಿಯ ವಿಷಯವನ್ನು ಈ ಊರಿನ ಹುಡುಗ ಹುಡುಗಿಯರನ್ನು ಕೇಳುವುದುಂಟು. ಆಗ ಅವರು ಕಪ್ಪೆಯ ಕಥೆಯನ್ನು ಕಥೆಯೆಂದು ಹೇಳಿ, ಮದನಿಕೆಯ ಕೆಳಗಿನ ದಾಸೋಜನ ಹೆಸರನ್ನೂ ತೋರಿಸುವಂತಾದರೆ, ಅವರಿಗೆ ಪುಸ್ತಕಗಳನ್ನು ಆಯ್ದುಕೊಟ್ಟವರ ಶ್ರಮ ಸಾರ್ಥಕವಾದಂತೆ.